ಚೆಲುವಿನ ಹಾವು, ತೂಗುವ ತಲೆ

ಕೆಲವು ಸುದ್ದಿಗಳು ಪತ್ರಿಕೆಯಲ್ಲಿ ಬಂದ ದಿನ ಕೌತುಕವನ್ನು ಹುಟ್ಟಿಸಿ ಮರುದಿನ ಮರೆತುಹೋಗುತ್ತವೆ. ಅವುಗಳೊಳಗಿನ ಮುಖ್ಯವಾದ ಮಾತು ಯಾರ ಗಮನಕ್ಕೂ ಬಾರದೆ ಉಳಿದುಬಿಡುತ್ತದೆ. 2023ನೆಯ ಸೆಪ್ಟೆಂಬರ್ ತಿಂಗಳಲ್ಲಿ ಬಂದ ಒಂದು ಸುದ್ದಿ ಇಂಥದು. ಬ್ಯಾಂಕಾಕಿನಿಂದ ಬೆಂಗಳೂರಿನ ವಿಮಾನನಿಲ್ದಾಣಕ್ಕೆ ಬಂದಿಳಿದ ಸಾಮಾನುಗಳನ್ನು ಸುಂಕದ ಅಧಿಕಾರಿಗಳು ಬಿಚ್ಚಿಸಿದಾಗ ಅವುಗಳಲ್ಲಿ 17 ಕಾಳಿಂಗ ಸರ್ಪಗಳೂ, ಬಾಲ್ ಪೈಥಾನ್ ಎಂಬ ಜಾತಿಯ 55 ಹೆಬ್ಬಾವುಗಳೂ ಜೀವಂತವಾಗಿ ಸಿಕ್ಕಿದುವು. ಜೊತೆಗಿದ್ದ 6 ಕಪುಚಿನ್ ಕೋತಿಗಳು ಸತ್ತುಹೋಗಿದ್ದುವು. ಕಾಳಿಂಗನ ಹೆಸರು ಬೆದರಿಸುವಂಥದು. ಕೋತಿಗಳ ಸಾವು ಮರುಕ ಹುಟ್ಟಿಸುವಂಥದು. ಆದರೆ ಆ ಹೆಬ್ಬಾವುಗಳ ವಿಷಯದಲ್ಲಿ ಅಧಿಕಾರಿಗಳು ಸೇರಿಸಿದ್ದ ಒಂದು ಸಣ್ಣ ವಿಶೇಷಣ, ಅಂದರೆ ಅವು ಬೇರೆ ಬೇರೆ ಬಣ್ಣದ ಬಗೆಗಳಿಗೆ ಸೇರಿದುವು ಎಂಬುದು, ನನ್ನ ಮನಸ್ಸನ್ನು ಹಿಡಿದು ನಿಲ್ಲಿಸಿತು. ಕಾಡಿನಲ್ಲಿ ಹುಟ್ಟಿ ಬೆಳೆದ ಹಾವುಗಳಾದರೆ ಎಲ್ಲವೂ ಹೆಚ್ಚುಕಡಿಮೆ ಒಂದೇ ಬಣ್ಣದಲ್ಲಿರಬೇಕು. ಒಂದೊಂದು ಒಂದೊಂದು ಬಣ್ಣವೆಂದರೆ, ಅವು ಮನುಷ್ಯನ ಪೆಟ್ಟಿಗೆಯಲ್ಲಿ, ಮನುಷ್ಯನ ಕಣ್ಣಿಗೆ ಒಪ್ಪುವಂತೆ ತಲೆಮಾರಿನಿಂದ ತಲೆಮಾರಿಗೆ ಆರಿಸಿ ಬೆಳೆಸಿದ ಹಾವುಗಳು. ಆ ಬಣ್ಣದ ಹಿಂದೆ ಏನೇನು ಅಡಗಿದೆ ಎಂಬುದನ್ನು ವಾಚಕರೊಡನೆ ಕೂಡಿ ವಿಚಾರ ಮಾಡಬೇಕೆಂದು ಈ ಲೇಖನವನ್ನು ಬರೆಯುತ್ತಿದ್ದೇನೆ.

ಬಾಲ್ ಪೈಥಾನ್ ನಮ್ಮ ನಾಡಿನ ಹಾವಲ್ಲ. ಪಶ್ಚಿಮ ಆಫ್ರಿಕದ ಸೆನೆಗಲ್ಲಿನಿಂದ ಹಿಡಿದು ಪೂರ್ವದ ಕಡೆಗೆ ಯುಗಾಂಡದವರೆಗೆ ಹಬ್ಬಿದ ಹುಲ್ಲುಗಾವಲುಗಳು, ಹೊಲದ ಅಂಚುಗಳು ಅದರ ತವರು. ನಮ್ಮ ಹೆಬ್ಬಾವಿನೊಡನೆ ಹೋಲಿಸಿದರೆ ಇದು ತೀರ ಚಿಕ್ಕದು: ಮೂರರಿಂದ ಐದು ಅಡಿ ಉದ್ದ, ಗಿಡ್ಡ ಕತ್ತು, ದಪ್ಪನೆಯ ಮೈ, ಕಪ್ಪು ಕಂದಿನ ನೆಲದ ಮೇಲೆ ಹೊಂಬಣ್ಣದ ಮಚ್ಚೆ. ವಿಷವಿಲ್ಲ. ಹಗಲೆಲ್ಲ ಬಿಲದಲ್ಲಿದ್ದು ಇರುಳಿನಲ್ಲಿ ಇಲಿಗಳನ್ನು ಹಿಡಿದು ತಿನ್ನುತ್ತದೆ. ಅಪಾಯ ಬಂದಾಗ ಹೆಡೆಯೆತ್ತುವುದು, ಬುಸುಗುಡುವುದು ಮುಂತಾದ ಆರ್ಭಟವೊಂದೂ ಇಲ್ಲ. ತಲೆಯನ್ನು ಮಧ್ಯದಲ್ಲಿ ಹುದುಗಿಸಿಕೊಂಡು ಮೈಯನ್ನೆಲ್ಲ ಚೆಂಡಿನಂತೆ ಸುತ್ತಿಕೊಂಡು ಸುಮ್ಮನಾಗಿಬಿಡುತ್ತದೆ. 'ಬಾಲ್' ಎಂಬ ಹೆಸರು ಬಂದುದು ಇದರಿಂದಲೇ. ಶಾಸ್ತ್ರಜ್ಞರು ಇಟ್ಟ ಹೆಸರಿನಲ್ಲಿ ಇದು 'ರಾಜ' ಹೆಬ್ಬಾವು. ಬ್ರಿಟನ್ನಿನಲ್ಲಿ ಇಂದಿಗೂ ಆ ಹೆಸರೇ ಬಳಕೆಯಲ್ಲಿದೆ.

ನಾಗಬನಗಳಿರುವ ನಾಡಿನಲ್ಲಿ ಬೆಳೆದ ನಮಗೆ ಇನ್ನೊಂದು ವಿಷಯ ತಿಳಿದರೆ ಸಂತೋಷವಾದೀತು. ಈ ಹಾವಿನ ತವರಿನಲ್ಲಿಯೂ ಅದಕ್ಕೆ ಪೂಜೆಯುಂಟು. ಬೆನಿನ್ ದೇಶದ ವೀಡಾ ಎಂಬ ಪಟ್ಟಣದಲ್ಲಿ ಈ ಹಾವುಗಳದೇ ಒಂದು ಗುಡಿಯಿದೆ. ನೈಜೀರಿಯದ ಇಗ್ಬೋ ಜನರಲ್ಲಿ ಇದು ಪವಿತ್ರವೆಂದು ನಡೆದುಬಂದ ನಂಬಿಕೆಯನ್ನು ಚಿನುವ ಅಚೆಬೆಯವರು 1958ರಲ್ಲಿ ಪ್ರಕಟವಾದ 'ಥಿಂಗ್ಸ್ ಫಾಲ್ ಅಪಾರ್ಟ್' ಕಾದಂಬರಿಯಲ್ಲಿ ಕಥೆಯ ಒಂದು ಮುಖ್ಯ ಸಂದರ್ಭವನ್ನಾಗಿಯೇ ಮಾಡಿಕೊಂಡಿದ್ದಾರೆ. ಮನೆಯೊಳಗೆ ಬಂದರೂ ಅದನ್ನು ಯಾರೂ ಮುಟ್ಟಬಾರದು, ನೋಯಿಸಬಾರದು. ಹೀಗೆ ಭಯಭಕ್ತಿಗಳಿಂದ ದೂರವಿಟ್ಟು ನೋಡುವ ಪ್ರಾಣಿಯೇ ಸಾಗರಗಳಾಚೆ ಗಾಜಿನ ಪೆಟ್ಟಿಗೆಯ ಅಲಂಕಾರವಾಯಿತು. ಸಾಧು ಸ್ವಭಾವ, ಚಿಕ್ಕ ಗಾತ್ರ, ವಾರಕ್ಕೊಂದು ಇಲಿಯಿಂದ ತೃಪ್ತಿಪಡುವ ಹೊಟ್ಟೆ—ಸಾಕುವವನಿಗೆ ಇದಕ್ಕಿಂತ ಹೆಚ್ಚಿನ ಅನುಕೂಲ ಬೇಕೆ? ಘಾನಾ, ಟೋಗೋ, ಬೆನಿನ್ ದೇಶಗಳಿಂದ ಮರಿಗಳು ಹಡಗಿನಲ್ಲಿ, ಆಮೇಲೆ ವಿಮಾನದಲ್ಲಿ ಅಮೆರಿಕಕ್ಕೂ ಯೂರೋಪಿಗೂ ಹೋಗತೊಡಗಿದುವು.

ಅಲ್ಲಿಗೇ ನಿಂತಿದ್ದರೆ ಇದು ಸಾಧಾರಣವಾದ ಪ್ರಾಣಿವ್ಯಾಪಾರದ ಕಥೆಯಾಗುತ್ತಿತ್ತು. ಆದರೆ ಸಾವಿರಾರು ಹಾವುಗಳ ನಡುವೆ ಎಲ್ಲೋ ಒಂದು ಬಣ್ಣಗೆಟ್ಟು ಹುಟ್ಟುವುದು ಪ್ರಕೃತಿಯ ನಿಯಮ. ಕಪ್ಪು ವರ್ಣದ್ರವ್ಯವಿಲ್ಲದೆ ಹಳದಿ ಬಿಳುಪಾಗಿ ಹುಟ್ಟಿದ ಬಾಲ್ ಪೈಥಾನಿನ ಸಂತತಿಯನ್ನು 1992ರಲ್ಲಿ ಅಮೆರಿಕದ ಬಾಬ್ ಕ್ಲಾರ್ಕ್ ಎಂಬ ತಳಿಗಾರರು ಪಂಜರದಲ್ಲಿಯೇ ಪಡೆದರು. ಆ ಬಿಳುಪು ಹಾವಿಗೆ ಸಾಧಾರಣ ಹಾವಿನ ಬೆಲೆಯ ಎಷ್ಟೋ ಪಾಲು ಹೆಚ್ಚಿನ ಬೆಲೆ. ಅಂದಿನಿಂದ ಹೊಸ ಬಣ್ಣದ ಬೇಟೆ ಆರಂಭವಾಯಿತು. ಬಣ್ಣಬಗೆಗೆ ಆ ವ್ಯಾಪಾರದಲ್ಲಿ 'ಮಾರ್ಫ್' ಎಂದು ಹೆಸರು. ಪೇಸ್ಟಲ್, ಪೈಬಾಲ್ಡ್, ಸಿನಮನ್, ಲೆಸ್ಸರ್, ಶಾಂಪೇನ್ ಎಂದು ಮಿಠಾಯಿಯ ಅಂಗಡಿಯನ್ನೂ ಮದ್ಯದ ಅಂಗಡಿಯನ್ನೂ ನೆನಪಿಗೆ ತರುವ ಹೆಸರುಗಳು. ಒಂದನ್ನು ಇನ್ನೊಂದಕ್ಕೆ ಕೂಡಿಸಿ, ಆ ಸಂತತಿಯನ್ನು ಮತ್ತೊಂದಕ್ಕೆ ಕೂಡಿಸಿ, ಈಗ ಸಾವಿರಾರು ಬಗೆಗಳಾಗಿವೆ. ಸಾಕುಪ್ರಾಣಿಗಳ ಇತಿಹಾಸದಲ್ಲಿ ಇಷ್ಟು ಸ್ವಲ್ಪ ಕಾಲದಲ್ಲಿ ಇಷ್ಟೊಂದು ಬಗೆಗಳು ಹುಟ್ಟಿದ ಉದಾಹರಣೆ ಅಪೂರ್ವ.

ಈ ಬಗೆಗಳಲ್ಲಿ 'ಸ್ಪೈಡರ್' ಎಂಬುದೊಂದು. ಆಫ್ರಿಕದ ಕಾಡಿನಲ್ಲಿ ಸಿಕ್ಕಿ 1999ರ ಸುಮಾರಿಗೆ ಅಮೆರಿಕವನ್ನು ಸೇರಿದ ಒಂದೇ ಒಂದು ಹಾವಿನಿಂದ ಇಡೀ ಸ್ಪೈಡರ್ ವಂಶ ಬೆಳೆಯಿತೆಂದು ಆ ವೃತ್ತಿಯವರೇ ಹೇಳುತ್ತಾರೆ. ಇದರ ಮೈಮೇಲಿನ ಕಪ್ಪು ಕರಗಿ ಸಣ್ಣ ಗೆರೆಗಳಷ್ಟೇ ಉಳಿದಿವೆ. ತಿಳಿಗಂದಿನ ಹೊಂಬಣ್ಣದ ಮೇಲೆ ಜೇಡರ ಬಲೆಯನ್ನು ಹರಡಿದಂತೆ ಕಾಣುತ್ತದೆ. ನೋಡಲು ಅಂದವೆಂಬುದರಲ್ಲಿ ಸಂದೇಹವಿಲ್ಲ. ಆದರೆ ಆ ಹಾವು ಚಲಿಸತೊಡಗಿದಾಗ ನೋಡುವವನ ಮನಸ್ಸು ಕಲಕುತ್ತದೆ. ಹಾವಾಡಿಗನ ಬುಟ್ಟಿಯಿಂದೆದ್ದ ನಾಗರಹಾವು ತಲೆದೂಗುವುದನ್ನು ನಾವೆಲ್ಲ ಕಂಡಿದ್ದೇವೆ. ಅದು ಕಣ್ಣೆದುರಿನ ಪುಂಗಿಯ ಚಲನೆಯನ್ನು ಎಚ್ಚರದಿಂದ ಅನುಸರಿಸುವ ಹಾವು. ಸ್ಪೈಡರ್ ಹಾವಿನ ತಲೆ ಪುಂಗಿಯಿಲ್ಲದೆ ತೂಗುತ್ತದೆ. ನೇರವಾಗಿ ನಿಲ್ಲಬೇಕಾದ ತಲೆ ಓರೆಯಾಗುತ್ತದೆ. ಕೆಲವು ಹಾವುಗಳಲ್ಲಿ ಕತ್ತು ತಿರುಪಿನಂತೆ ಸುರುಳಿಗೊಂಡು ತಲೆ ಮೇಲುಕೆಳಗಾಗುತ್ತದೆ. ಅಂಗಾತ ಮಲಗಿಸಿದರೆ ಬೇರೆ ಹಾವು ಕ್ಷಣಮಾತ್ರದಲ್ಲಿ ಮಗುಚಿಕೊಳ್ಳುತ್ತದೆ; ಇದಕ್ಕೆ ಅದು ಕಷ್ಟ. ಎದುರಿಗಿಟ್ಟ ಇಲಿಯ ಮೇಲೆ ಎರಗಿದರೆ ಗುರಿ ತಪ್ಪುತ್ತದೆ. ಉದ್ವೇಗ ಹೆಚ್ಚಿದಷ್ಟೂ, ಆಹಾರ ಕಂಡಾಗ, ಕೈಯಲ್ಲಿ ಎತ್ತಿಕೊಂಡಾಗ, ಈ ಓಲಾಟವೂ ಹೆಚ್ಚುತ್ತದೆ. ವ್ಯಾಪಾರದ ಭಾಷೆಯಲ್ಲಿ ಇದಕ್ಕೆ 'ವಾಬಲ್' ಎಂದು ಹೆಸರು. ಕಲಿಯುವ ಮಗು ಸೈಕಲ್ಲಿನ ಮೇಲೆ ಅಲ್ಲಾಡುವುದಕ್ಕೂ ಅದೇ ಮಾತು! ಹೆಸರಿನಲ್ಲಿಯೇ ದೋಷ ಅರ್ಧ ಮಾಯವಾಗಿದೆ.

ಇದನ್ನು ಕಂಡವರು ಮೊದಮೊದಲು ಹಲವು ಸಮಾಧಾನಗಳನ್ನು ಹೇಳಿಕೊಂಡರು. ಒಂದೇ ಹಾವಿನ ವಂಶವಾದುದರಿಂದ ರಕ್ತಸಂಬಂಧ ಹತ್ತಿರವಾಗಿ ಹೀಗಾಗಿದೆ, ಹೊಸ ರಕ್ತ ಬೆರೆಸಿದರೆ ಸರಿಹೋಗುತ್ತದೆ ಎಂಬುದು ಅವುಗಳಲ್ಲಿ ಮುಖ್ಯವಾದುದು. ಬೆರೆಸಿ ನೋಡಿದ್ದಾಯಿತು. ಸ್ಪೈಡರ್ ಗುಣ ಪ್ರಬಲವಾದದ್ದು. ತಂದೆತಾಯಿಗಳಲ್ಲಿ ಒಂದರಿಂದ ಬಂದರೆ ಸಾಕು, ಮರಿಯ ಮೇಲೆ ಕಾಣಿಸಿಕೊಳ್ಳುತ್ತದೆ. ಸಾಧಾರಣ ಹಾವಿನೊಡನೆ ಕೂಡಿಸಿದರೆ ಸುಮಾರು ಅರ್ಧದಷ್ಟು ಮರಿಗಳು ಸ್ಪೈಡರ್ ಆಗುತ್ತವೆ. ಎರಡು ದಶಕಗಳಿಗೂ ಹೆಚ್ಚು ಕಾಲ ಹೀಗೆ ಹೊಸ ರಕ್ತ ಬೆರೆಯುತ್ತಲೇ ಬಂದರೂ ಜಾಲದ ಗೆರೆ ಬಂದ ಮರಿಗೆ ತಲೆಯ ಓಲಾಟವೂ ಬಂದಿತು. ಗೆರೆ ಬಾರದ ಅದರ ಒಡಹುಟ್ಟಿದ ಮರಿ ನೆಟ್ಟಗೆ ಉಳಿಯಿತು. ಓಲಾಟ ಒಂದರಲ್ಲಿ ಕಣ್ಣಿಗೆ ಕಾಣದಷ್ಟು ಅಲ್ಪವಾಗಿರಬಹುದು, ಇನ್ನೊಂದರಲ್ಲಿ ಊಟ ಮಾಡಲಾರದಷ್ಟು ಅಧಿಕವಾಗಿರಬಹುದು. ಅಲ್ಪವಾಗಿರುವ ತಾಯಿಯ ಮರಿಗೆ ಅಧಿಕವಾಗಿ ಬರುವುದೂ ಉಂಟು. ಆದುದರಿಂದ ಒಳ್ಳೆಯದನ್ನು ಆರಿಸಿ ಕೆಟ್ಟದ್ದನ್ನು ಬಿಡುವ ತಳಿಗಾರನ ಹಳೆಯ ಉಪಾಯ ಇಲ್ಲಿ ನಡೆಯಲಿಲ್ಲ. ಎರಡೂ ಕಡೆಯಿಂದ ಈ ಗುಣವನ್ನು ಪಡೆದ ಮರಿಗಳ ಗತಿಯಂತೂ ಇನ್ನೂ ಶೋಚನೀಯ. ಅಂಥವು ಬದುಕಿ ಬಾಳಿದ ಉದಾಹರಣೆ ಇಲ್ಲದ ಕಾರಣ ಅವು ಮೊಟ್ಟೆಯಲ್ಲಿಯೇ ನಾಶವಾಗುತ್ತವೆಂದು ತಿಳಿಯಲಾಗಿದೆ.

2014ರಲ್ಲಿ ಮಾರ್ಕ್ ರೋಸ್ ಮತ್ತು ಡೇವಿಡ್ ವಿಲಿಯಮ್ಸ್ ಎಂಬ ವಿದ್ವಾಂಸರು ಪಶುವೈದ್ಯರ ಪತ್ರಿಕೆಯೊಂದರಲ್ಲಿ ಈ ದೋಷವನ್ನು ಚರ್ಚಿಸಿ, ಇದು ಪ್ರಾಣಿಯ ಕ್ಷೇಮದ ಪ್ರಶ್ನೆಯೆಂದು ಎತ್ತಿ ತೋರಿಸಿದರು. ಹಾವಿನ ತಲೆಯೊಳಗೆ ನಡೆದಿರುವುದೇನು ಎಂಬುದಕ್ಕೆ 2022ರಲ್ಲಿ ಉತ್ತರ ದೊರೆಯಿತು. ಜರ್ಮನಿಯ ಮ್ಯಾಥಿಯಾಸ್ ಸ್ಟಾರ್ಕ್ ಮತ್ತು ಅವರ ಸಂಗಡಿಗರು ಸ್ಪೈಡರ್ ಹಾವುಗಳ ತಲೆಯನ್ನು ಸೂಕ್ಷ್ಮವಾದ ಎಕ್ಸ್-ರೇ ಚಿತ್ರಗಳ ಮೂಲಕ ಪರೀಕ್ಷಿಸಿದರು. ಹಾವಿಗೆ ಹೊರಗಿವಿ ಇಲ್ಲದಿದ್ದರೂ ಒಳಗಿವಿ ಇದೆ. ನಮ್ಮ ಒಳಗಿವಿಯಂತೆಯೇ ಅದರಲ್ಲಿಯೂ ಅರ್ಧವೃತ್ತಾಕಾರದ ಮೂರು ನಾಳಗಳೂ ದ್ರವ ತುಂಬಿದ ಪುಟ್ಟ ಚೀಲಗಳೂ ಇವೆ. ಮೇಲು ಯಾವುದು, ಕೆಳಗು ಯಾವುದು, ತಲೆ ಯಾವ ಕಡೆಗೆ ತಿರುಗುತ್ತಿದೆ ಎಂಬುದನ್ನು ಮೆದುಳಿಗೆ ತಿಳಿಸುವುದು ಇವೇ. ಸ್ಪೈಡರ್ ಹಾವಿನಲ್ಲಿ ಆ ನಾಳಗಳು ಉಬ್ಬಿ ರೂಪಗೆಟ್ಟಿದ್ದುವು. ಚೀಲವೊಂದು ಸಹಜವಾದ ಗಾತ್ರಕ್ಕಿಂತ ಕುಗ್ಗಿತ್ತು. ಪರೀಕ್ಷೆಗೆ ಒಳಗಾದ ಹಾವುಗಳ ಸಂಖ್ಯೆ ಹೆಚ್ಚಲ್ಲವಾದರೂ ಸಾಧಾರಣ ಹಾವಿಗೂ ಇವಕ್ಕೂ ಇದ್ದ ವ್ಯತ್ಯಾಸ ಸ್ಪಷ್ಟವಾಗಿತ್ತು. ಎಂದರೆ, ಇದು ಅಭ್ಯಾಸದ ದೋಷವಲ್ಲ, ಸಾಕಣೆಯ ದೋಷವಲ್ಲ. ಮೊಟ್ಟೆಯೊಳಗೆ ಅಂಗ ರೂಪುಗೊಳ್ಳುವಾಗಲೇ ಆದ ದೋಷ. ಗಿರಗಿರನೆ ಸುತ್ತಿ ನಿಂತ ಮಗುವಿಗೆ ಒಂದು ನಿಮಿಷದ ಮಟ್ಟಿಗೆ ಆಗುವ ತಲೆಸುತ್ತು ಹುಟ್ಟಿನಿಂದ ಸಾವಿನವರೆಗೂ ಇದ್ದರೆ ಹೇಗಿರಬಹುದು ಎಂದು ಊಹಿಸಿಕೊಳ್ಳಬಹುದು. ಹಾವು ಅನುಭವಿಸುವುದು ಅದನ್ನೇ ಎಂದು ನಾನು ಹೇಳಲಾರೆ. ಆದರೆ ಬಾಲ್ ಪೈಥಾನಿನ ಆಯುಸ್ಸು ದೊಡ್ಡದು. ಇಪ್ಪತ್ತು ಮೂವತ್ತು ವರ್ಷ ಸಾಮಾನ್ಯ. ಅಮೆರಿಕದ ಸೇಂಟ್ ಲೂಯಿಸ್ ಮೃಗಾಲಯದಲ್ಲಿದ್ದ ಒಂದು ಹಾವು 2020ರಲ್ಲಿ, ಅರುವತ್ತು ವರ್ಷ ದಾಟಿದ ಮೇಲೆ, ಮೊಟ್ಟೆಯಿಟ್ಟಿತು. ಅಷ್ಟು ದೀರ್ಘವಾದ ಬಾಳನ್ನು ಮೇಲುಕೆಳಗು ತಿಳಿಯದೆ ಕಳೆಯಬೇಕಾದ ಪ್ರಾಣಿಯನ್ನು ನಾವು ಬೇಕೆಂದೇ ಹುಟ್ಟಿಸುತ್ತಿದ್ದೇವೆ.

ಮೈಬಣ್ಣಕ್ಕೂ ಕಿವಿಗೂ ಎತ್ತಣ ಸಂಬಂಧವೆಂದು ವಾಚಕರು ಕೇಳಬಹುದು. ಪ್ರಶ್ನೆ ಸಹಜವಾದದ್ದೇ. ಭ್ರೂಣವು ಬೆಳೆಯುವಾಗ, ಮುಂದೆ ಮೆದುಳು ಮತ್ತು ಬೆನ್ನುಹುರಿಯಾಗುವ ಮಡಿಕೆಯ ಅಂಚಿನಲ್ಲಿ ಒಂದು ವಿಶೇಷ ಜಾತಿಯ ಜೀವಕೋಶಗಳು ಹುಟ್ಟುತ್ತವೆ. ಅವು ಹುಟ್ಟಿದೆಡೆಯಲ್ಲಿ ನಿಲ್ಲದೆ ಮೈಯ ನಾನಾ ಭಾಗಗಳಿಗೆ ವಲಸೆ ಹೋಗುತ್ತವೆ. ಚರ್ಮಕ್ಕೆ ಹೋದವು ಬಣ್ಣದ ಕೋಶಗಳಾಗುತ್ತವೆ. ಬೇರೆ ಕೆಲವು ನರಗಳ, ಮುಖದ ಎಲುಬುಗಳ ನಿರ್ಮಾಣದಲ್ಲಿ ತೊಡಗುತ್ತವೆ. ಒಳಗಿವಿಯ ಬೆಳವಣಿಗೆಯಲ್ಲಿಯೂ ಇವಕ್ಕೆ ಪಾತ್ರವುಂಟು. ಒಂದೇ ಊರಿನಿಂದ ಹೊರಟ ಅಣ್ಣತಮ್ಮಂದಿರು ಬೇರೆ ಬೇರೆ ಪಟ್ಟಣಗಳಲ್ಲಿ ಬೇರೆ ಬೇರೆ ಕಸುಬು ಹಿಡಿದಂತೆ ಇದು. ಹೊರಟ ಊರಿನಲ್ಲಿಯೇ ತೊಂದರೆಯಾದರೆ ಬಣ್ಣದಲ್ಲೊಂದು, ಕಿವಿಯಲ್ಲೊಂದು ನ್ಯೂನತೆ ಒಟ್ಟಿಗೆ ಕಾಣಿಸಿಕೊಳ್ಳುವುದು ಆಶ್ಚರ್ಯವಲ್ಲ. ಸ್ಪೈಡರ್ ಹಾವಿನಲ್ಲಿಯೂ ಹೀಗೆಯೇ ಆಗಿರಬೇಕೆಂಬುದು ವಿದ್ವಾಂಸರ ಊಹೆ.

ಈ ಊಹೆಗೆ ಆಧಾರವಾದ ನಿದರ್ಶನಗಳು ಹೊಸವಲ್ಲ. ನೀಲಿಗಣ್ಣಿನ ಬಿಳಿಯ ಬೆಕ್ಕುಗಳು ಕಿವುಡಾಗಿರುವುದನ್ನು ಡಾರ್ವಿನ್ 1859ರಲ್ಲಿಯೇ ತನ್ನ ಮಹಾಗ್ರಂಥದಲ್ಲಿ ಪ್ರಸ್ತಾಪಿಸಿದ್ದಾನೆ. ಬಿಳಿಯ ಮೈಮೇಲೆ ಕಪ್ಪು ಚುಕ್ಕೆಗಳ ಡಾಲ್ಮೇಷಿಯನ್ ನಾಯಿಗಳಲ್ಲಿ ಹುಟ್ಟುಗಿವುಡು ಹೆಚ್ಚು. ಜಪಾನಿನಲ್ಲಿ 'ನರ್ತಿಸುವ ಇಲಿ' ಎಂಬುದನ್ನು ವಿನೋದಕ್ಕಾಗಿ ಸಾಕುತ್ತಿದ್ದರು; ಅದು ತನ್ನ ಸುತ್ತ ತಾನೇ ಬುಗುರಿಯಂತೆ ತಿರುಗುತ್ತಿತ್ತು. ಅಮೆರಿಕದ ರಾಬರ್ಟ್ ಯರ್ಕೀಸ್ 1907ರಲ್ಲಿ ಅದರ ಮೇಲೆ ಒಂದು ಪುಸ್ತಕವನ್ನೇ ಬರೆದ. ಅದು ನರ್ತನವಾಗಿರಲಿಲ್ಲ, ಒಳಗಿವಿಯ ರೋಗವಾಗಿತ್ತು, ಇಲಿ ಕಿವುಡೂ ಆಗಿತ್ತು. ನಮ್ಮ ದೇಶದಲ್ಲಿಯೇ ಮೊಗಲರ ಕಾಲದಿಂದ 'ಲೋಟನ್' ಎಂಬ ಪಾರಿವಾಳ ಪ್ರಸಿದ್ಧವಾಗಿದೆ. ಅದನ್ನು ಸ್ವಲ್ಪ ಅಲ್ಲಾಡಿಸಿ ನೆಲದ ಮೇಲೆ ಬಿಟ್ಟರೆ ಹಾರಲಾರದೆ ತಲೆಕೆಳಗಾಗಿ ಲಾಗ ಹಾಕುತ್ತ ಉರುಳುತ್ತದೆ. ಕೈಗೆತ್ತಿಕೊಂಡು ಸಮಾಧಾನಪಡಿಸುವವರೆಗೂ ನಿಲ್ಲುವುದಿಲ್ಲ. ಸುತ್ತ ಕುಳಿತವರು ಚಪ್ಪಾಳೆ ತಟ್ಟುತ್ತಿದ್ದರು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂಬ ಗಾದೆಯಲ್ಲಿ ಬೆಕ್ಕಿನ ಸ್ಥಾನದಲ್ಲಿ ಮನುಷ್ಯನನ್ನು ಕೂರಿಸಿದರೆ ಈ ಇತಿಹಾಸವೆಲ್ಲ ಅದರಲ್ಲಿ ಅಡಕವಾಗುತ್ತದೆ.

ಸ್ಪೈಡರ್ ಒಂದೇ ಅಲ್ಲ. ಶಾಂಪೇನ್ ಎಂಬ ಬಗೆಯಲ್ಲಿಯೂ ಈ ಓಲಾಟವುಂಟು. ಕ್ಯಾರಮೆಲ್ ಎಂಬ ಬಗೆಯಲ್ಲಿ ಬೆನ್ನೆಲುಬು ಸೊಟ್ಟಗಾಗುವುದುಂಟು. ಸಿನಮನ್ ಗುಣ ಎರಡೂ ಕಡೆಯಿಂದ ಬಂದ ಕರಿಯ ಹಾವುಗಳಲ್ಲಿ ಮೂತಿ ಬಾತುಕೋಳಿಯ ಕೊಕ್ಕಿನಂತೆ ಚಪ್ಪಟೆಯಾಗುವುದುಂಟು. ಡೆಸರ್ಟ್ ಎಂಬ ಬಗೆಯ ಹೆಣ್ಣು ಹಾವುಗಳು ಮೊಟ್ಟೆಯಿಡಲಾರದೆ ಸಂಕಟಪಡುತ್ತವೆಂದು ಸಾಕಿದವರೇ ಹೇಳುತ್ತಾರೆ. ಹಾವಿನ ಪಕ್ಕದ ಪೆಟ್ಟಿಗೆಯಲ್ಲಿರುವ ಹಲ್ಲಿಯ ಕಥೆಯೂ ಇದೇ. ನಮ್ಮ ಉಪಖಂಡದ ವಾಯವ್ಯ ಭಾಗವೂ ತವರಾಗಿರುವ ಚಿರತೆಹಲ್ಲಿಯಲ್ಲಿ 'ಲೆಮನ್ ಫ್ರಾಸ್ಟ್' ಎಂಬ ಬಗೆ ಹುಟ್ಟಿತು. ಹಿಮ ಉದುರಿಸಿದ ನಿಂಬೆಯಂಥ ಅದರ ಬಣ್ಣಕ್ಕೆ ಬೇಡಿಕೆ ಅಪಾರವಾಯಿತು. ಸ್ವಲ್ಪ ಕಾಲದಲ್ಲಿಯೇ ಅವುಗಳ ಮೈಮೇಲೆ ಬಿಳಿಯ ಗಂಟುಗಳು ಏಳತೊಡಗಿದುವು. ಕ್ಯಾಲಿಫೋರ್ನಿಯ ವಿಶ್ವವಿದ್ಯಾನಿಲಯದ ಲಾಸ್ ಏಂಜಲೀಸ್ ಶಾಖೆಯ ಲಾಂಗ್ಹುವಾ ಗುವೋ, ಲಿಯೊನಿಡ್ ಕ್ರುಗ್ಲ್ಯಾಕ್ ಮತ್ತಿತರರು 2021ರಲ್ಲಿ ಇದರ ಮೂಲವನ್ನು ಕಂಡುಹಿಡಿದರು: ಬಿಳುಪನ್ನು ಕೊಡುವ ಕೋಶಗಳು ಅಂಕೆಯಿಲ್ಲದೆ ಬೆಳೆಯುವಂತೆ ಮಾಡಿದ ಜೀನಿನ ಬದಲಾವಣೆಯೇ ಬಣ್ಣಕ್ಕೂ ಕಾರಣ, ಗೆಡ್ಡೆಗೂ ಕಾರಣ. ನೂರಕ್ಕೆ ಎಂಬತ್ತಕ್ಕಿಂತ ಹೆಚ್ಚು ಲೆಮನ್ ಫ್ರಾಸ್ಟ್ ಹಲ್ಲಿಗಳಿಗೆ ಈ ಅರ್ಬುದ ತಗಲುತ್ತದೆ. ಕೊಂಡವನು ಮೆಚ್ಚಿದ ಬಿಳುಪು ರೋಗದ ಮೊದಲನೆಯ ಪುಟವೇ ಆಗಿತ್ತು.

ಇಲ್ಲಿ ಒಂದು ವಿವೇಕವನ್ನು ಕಾದುಕೊಳ್ಳಬೇಕು. ಬಣ್ಣ ಬದಲಾದುದೆಲ್ಲ ರೋಗವಲ್ಲ. ಎಷ್ಟೋ ಬಣ್ಣದ ಬಗೆಗಳು ಸಾಧಾರಣ ಹಾವುಗಳಷ್ಟೇ ಆರೋಗ್ಯವಾಗಿ ಬಾಳುತ್ತವೆ. ಆದ್ದರಿಂದ ತಳಿ ಬೆಳೆಸುವುದೇ ಪಾಪವೆಂದು ಕೂಗುವುದು ಅನ್ಯಾಯವಾದೀತು. ನನ್ನ ವಾದ ಅದಲ್ಲ. ಯಾವ ಬಗೆಯಲ್ಲಿ ಚೆಲುವೂ ಬಾಧೆಯೂ ಒಂದೇ ಬೇರಿನಿಂದ ಬಂದಿವೆಯೋ, ಒಂದನ್ನು ಬಿಟ್ಟು ಇನ್ನೊಂದನ್ನು ಪಡೆಯುವುದು ಸಾಧ್ಯವಿಲ್ಲವೆಂದು ಸಿದ್ಧವಾಗಿದೆಯೋ, ಆ ಬಗೆಯನ್ನು ತಿಳಿದು ತಿಳಿದು ಮುಂದುವರಿಸುವ ಹಕ್ಕು ನಮಗೆ ಉಂಟೆ ಎಂಬುದಷ್ಟೇ ಪ್ರಶ್ನೆ.

ಉಂಟೆನ್ನುವವರ ವಾದಗಳನ್ನು ನಾನು ಆಸಕ್ತಿಯಿಂದ ಕೇಳಿದ್ದೇನೆ. ಪ್ರಾಣಿಪ್ರಿಯರಾದ ಸ್ನೇಹಿತರೊಬ್ಬರು ಹೇಳಿದರು: "ಸ್ವಾಮಿ, ಆ ಹಾವು ತಿನ್ನುತ್ತದೆ, ಪೊರೆ ಬಿಡುತ್ತದೆ, ಮೊಟ್ಟೆಯಿಡುತ್ತದೆ. ಸಂಕಟವಿದ್ದರೆ ಇವೆಲ್ಲ ನಡೆಯುತ್ತಿತ್ತೆ?" ಮೇಲುನೋಟಕ್ಕೆ ಸರಿಯಾದ ಮಾತು. ಆದರೆ ತಿನ್ನುವುದು, ಹೆರುವುದು ಜೀವಕ್ಕೆ ಅಂಟಿದ ಕೊನೆಯ ಹಟಗಳು. ಸಂಕಟದ ನಡುವೆಯೂ ಅವು ಬಿಡುವುದಿಲ್ಲ. ಕಣ್ಣು ಕಟ್ಟಿದ ಗಾಣದ ಎತ್ತೂ ಮೇಯುತ್ತದೆ. ನಾಯಿ ನರಳುತ್ತದೆ, ಬೆಕ್ಕು ಕೂಗುತ್ತದೆ. ಮುಖದಲ್ಲಿ ನೋವನ್ನು ತೋರಿಸುತ್ತವೆ. ಹಾವಿಗೆ ಕೂಗುವ ಕೊರಳಿಲ್ಲ, ಮುಚ್ಚುವ ರೆಪ್ಪೆಯಿಲ್ಲ, ಬದಲಾಗುವ ಮುಖವಿಲ್ಲ. ಅದು ನೋವನ್ನು ಹೇಳಿಕೊಳ್ಳಲಾರದು ಎಂಬುದನ್ನೇ ನೋವಿಲ್ಲವೆಂಬುದಕ್ಕೆ ಸಾಕ್ಷಿಯಾಗಿ ಹಿಡಿಯುವುದು ಮೂಗನ ಮೌನವನ್ನು ಸಮ್ಮತಿಯೆಂದು ಬರೆದುಕೊಂಡಂತೆ. ನೋವಿದೆಯೆಂದು ಸಾಧಿಸುವ ಹೊಣೆ ಹಾವಿನದಲ್ಲ. ಇಲ್ಲವೆಂದು ಸಾಧಿಸುವ ಹೊಣೆ ಅದರಿಂದ ಹಣ ಸಂಪಾದಿಸುವವನದು.

ಎರಡನೆಯ ವಾದ: ಮನುಷ್ಯ ಸಾಕಿದ ಪ್ರಾಣಿಗಳೆಲ್ಲ ಹೀಗೆಯೇ ಆಗಿವೆಯಲ್ಲ; ಮೂಗು ಚಪ್ಪಟೆಯಾಗಿ ಉಸಿರಾಡಲು ಏದುವ ಪಗ್ ನಾಯಿಯನ್ನು ಮನೆಮನೆಯಲ್ಲಿಟ್ಟುಕೊಂಡು ಹಾವಿನ ವಿಷಯದಲ್ಲಿ ಧರ್ಮ ಹೇಳುವುದೇಕೆ? ಒಂದು ತಪ್ಪನ್ನು ತೋರಿಸಿ ಇನ್ನೊಂದು ತಪ್ಪಿಗೆ ರಹದಾರಿ ಪಡೆಯುವ ಕ್ರಮ ಇದು. ಅಲ್ಲದೆ ಒಂದು ವ್ಯತ್ಯಾಸವಿದೆ. ನಾಯಿಯ ಮೂಗು ಗಿಡ್ಡವಾಗಲು ಬಹಳ ತಲೆಮಾರುಗಳು ಬೇಕಾದುವು. ಎಲ್ಲಿ ನಿಲ್ಲಿಸಬೇಕಾಗಿತ್ತೆಂದು ತಿಳಿಯುವ ಹೊತ್ತಿಗೆ ಕಾಲ ಮೀರಿತ್ತು. ಸ್ಪೈಡರ್ ಹಾವಿನ ವಂಶ ಆರಂಭವಾದುದು ನಮ್ಮ ಕಣ್ಣೆದುರಿಗೆ. ಅದನ್ನು ಬೆಳೆಸುವುದನ್ನು ನಿಲ್ಲಿಸಿದರೆ ಗುಣ ಪ್ರಬಲವಾದುದರಿಂದ ಗುಪ್ತವಾಗಿ ಎಲ್ಲಿಯೂ ಉಳಿಯುವುದಿಲ್ಲ. ಒಂದೇ ತಲೆಮಾರಿನಲ್ಲಿ ದೋಷ ಕೊನೆಗಾಣುತ್ತದೆ. ಇಷ್ಟು ಸುಲಭವಾದ ಪರಿಹಾರವಿರುವ ವಂಶರೋಗ ಪ್ರಪಂಚದಲ್ಲಿ ವಿರಳ.

ಮೂರನೆಯ ವಾದ ಎಲ್ಲಕ್ಕಿಂತ ಗಂಭೀರವಾದದ್ದು: ಪಂಜರದಲ್ಲಿ ಹುಟ್ಟಿದ ಹಾವುಗಳು ಹೆಚ್ಚಿದರೆ ಕಾಡಿನ ಹಾವುಗಳು ಉಳಿಯುತ್ತವೆ ಎಂಬುದು. ಸಾಧಾರಣ ಬಣ್ಣದ ಹಾವುಗಳ ಮಟ್ಟಿಗೆ ಇದರಲ್ಲಿ ಸತ್ಯಾಂಶವಿರಬಹುದು. ಆದರೆ ಪಶ್ಚಿಮ ಆಫ್ರಿಕದಲ್ಲಿ ಗಬ್ಬದ ಹಾವುಗಳನ್ನೂ ಮೊಟ್ಟೆಗಳನ್ನೂ ಬಿಲಗಳಿಂದ ತೆಗೆದು ಮರಿ ಮಾಡಿಸಿ ಹೊರದೇಶಗಳಿಗೆ ಕಳುಹಿಸುವ ವ್ಯಾಪಾರ ನಿಂತಿಲ್ಲ. ಅಪೂರ್ವ ಬಣ್ಣಕ್ಕೆ ಅಪಾರ ಬೆಲೆಯಿರುವಾಗ ಪ್ರತಿಯೊಂದು ಬಿಲವೂ ಲಾಟರಿಯ ಚೀಟಿಯಂತಾಗುತ್ತದೆ. ಸ್ಪೈಡರ್ ಮೂಲಪುರುಷನೇ ಕಾಡಿನಿಂದ ಬಂದವನೆಂಬುದನ್ನು ಮರೆಯಲಾಗದು.

ಬೇರೆ ದೇಶಗಳು ಈ ವಿಷಯದಲ್ಲಿ ಸುಮ್ಮನೆ ಕುಳಿತಿಲ್ಲ. ಜರ್ಮನಿಯ ಪ್ರಾಣಿರಕ್ಷಣಾ ಶಾಸನದಲ್ಲಿ ಒಂದು ಪ್ರಕರಣವಿದೆ: ವಂಶದ ಮೂಲಕ ಮರಿಗಳ ಅಂಗಗಳು ರೂಪಗೆಟ್ಟು ಅವಕ್ಕೆ ನೋವೋ ಹಾನಿಯೋ ಆಗುವುದೆಂದು ನಿರೀಕ್ಷಿಸಬಹುದಾದಲ್ಲಿ, ಬೆನ್ನೆಲುಬುಳ್ಳ ಪ್ರಾಣಿಯನ್ನು ಹಾಗೆ ಬೆಳೆಸಕೂಡದು. ಅಂಥ ತಳಿಗೆ ಆ ಭಾಷೆಯಲ್ಲಿರುವ ಹೆಸರಿನ ಅರ್ಥ 'ಯಾತನೆಯ ತಳಿ' ಎಂದು. ಬ್ರಿಟನ್ನಿನ ಇಂಟರ್‌ನ್ಯಾಷನಲ್ ಹರ್ಪೆಟಲಾಜಿಕಲ್ ಸೊಸೈಟಿ ಎಂಬ ಸಂಘ 2018ರಿಂದ ತಾನು ನಡೆಸುವ ಮೇಳಗಳಲ್ಲಿ ಸ್ಪೈಡರ್ ಹಾವುಗಳ ಮಾರಾಟಕ್ಕೆ ಎಡೆಗೊಡಲಿಲ್ಲ. ಇದು ಹಾವುಗಳನ್ನು ದ್ವೇಷಿಸುವವರ ಸಂಘವಲ್ಲ; ಹಾವು ಸಾಕುವವರದೇ ಸಂಘ. ಒಳಗಿನವರೇ ಒಂದು ಗೆರೆಯನ್ನು ಎಳೆದುಕೊಂಡರೆಂಬುದು ಮೆಚ್ಚತಕ್ಕ ವಿಷಯ.

ಇನ್ನು ನಮ್ಮ ಮಾತು. ನಮ್ಮ ನಾಗರಹಾವನ್ನಾಗಲಿ ಹೆಬ್ಬಾವನ್ನಾಗಲಿ ಮನೆಯಲ್ಲಿ ಸಾಕಲು 1972ರ ವನ್ಯಜೀವಿ ಸಂರಕ್ಷಣಾ ಶಾಸನ ಎಡೆಗೊಡುವುದಿಲ್ಲ. ಹೊರದೇಶದ ಪ್ರಾಣಿಗಳಾದರೋ ಬಹುಕಾಲ ಆ ಶಾಸನದ ಕಣ್ಣಿಗೆ ಬಿದ್ದಿರಲಿಲ್ಲ. 2022ರ ತಿದ್ದುಪಡಿಯಿಂದ, ಸೈಟೀಸ್ ಎಂಬ ಅಂತರರಾಷ್ಟ್ರೀಯ ಒಪ್ಪಂದದ ಪಟ್ಟಿಗಳಲ್ಲಿರುವ ಪ್ರಾಣಿಗಳೂ ಶಾಸನದೊಳಗೆ ಬಂದುವು. ಬಾಲ್ ಪೈಥಾನ್ ಆ ಒಪ್ಪಂದದ ಎರಡನೆಯ ಪಟ್ಟಿಯಲ್ಲಿದೆ. 2024ರ ಫೆಬ್ರವರಿಯಲ್ಲಿ ಹೊರಟ ನಿಯಮಗಳ ಪ್ರಕಾರ ಇಂಥ ಪ್ರಾಣಿಯನ್ನು ಇಟ್ಟುಕೊಂಡವರು ಅದನ್ನು ಸರ್ಕಾರದಲ್ಲಿ ನೋಂದಾಯಿಸಬೇಕು. ಹುಟ್ಟು, ಸಾವು, ಕೈಬದಲುಗಳನ್ನು ತಿಳಿಸಬೇಕು. ಇದು ಒಳ್ಳೆಯ ಹೆಜ್ಜೆ. ಆದರೆ ಇದರ ಉದ್ದೇಶ ಮುಖ್ಯವಾಗಿ ಲೆಕ್ಕ ಇಡುವುದು, ಕಳ್ಳಸಾಗಣೆಯನ್ನು ತಡೆಯುವುದು. ಎಷ್ಟು ಹಾವು ಎಂದು ಕೇಳುವಷ್ಟೇ ಆಸ್ಥೆಯಿಂದ ಎಂಥ ಹಾವು ಎಂದೂ ಕೇಳಬೇಕಲ್ಲವೆ? ಪ್ರಾಣಿಹಿಂಸೆಯನ್ನು ತಡೆಯುವ ನಮ್ಮ ಶಾಸನ 1960ರದು. ಹೊಡೆಯುವುದು, ಹಸಿವಿನಿಂದಿಡುವುದು, ಮಿತಿಮೀರಿ ದುಡಿಸುವುದು, ಇಕ್ಕಟ್ಟಿನ ಪಂಜರದಲ್ಲಿ ಕೂಡುವುದು ಮುಂತಾದ ಕಣ್ಣಿಗೆ ಕಾಣುವ ಕ್ರೌರ್ಯಗಳನ್ನು ಅದು ಹೆಸರಿಸುತ್ತದೆ. ಹುಟ್ಟುವ ಮೊದಲೇ ಮಾಡಿದ ಕ್ರೌರ್ಯವನ್ನು ಹಿಡಿಯಲು ಆ ಬಲೆಯ ಕಣ್ಣು ದೊಡ್ಡದು. ನಾಯಿಗಳ ತಳಿ ಬೆಳೆಸುವ ಬಗ್ಗೆ 2017ರಲ್ಲಿ, ಪ್ರಾಣಿ ಮಾರುವ ಅಂಗಡಿಗಳ ಬಗ್ಗೆ 2018ರಲ್ಲಿ ಆ ಶಾಸನದ ಅಡಿಯಲ್ಲಿಯೇ ಬೇರೆ ಬೇರೆ ನಿಯಮಗಳಾಗಿವೆ. ಅದೇ ದಾರಿಯಲ್ಲಿ ಇನ್ನೊಂದು ಹೆಜ್ಜೆ ಇಡುವುದು ಅಸಾಧ್ಯವಲ್ಲ.

ಏನು ಮಾಡಬೇಕೆಂದರೆ ನನಗೆ ತೋರುವುದು ಇಷ್ಟು. ನೋಂದಣಿಯ ಪತ್ರದಲ್ಲಿ ಜಾತಿಯ ಹೆಸರಿನೊಡನೆ ಬಣ್ಣದ ಬಗೆಯನ್ನೂ ತಂದೆತಾಯಿಗಳ ವಿವರವನ್ನೂ ಬರೆಸಬೇಕು. ಒಳಗಿವಿಯ ದೋಷ, ಅರ್ಬುದ, ಸೊಟ್ಟ ಬೆನ್ನು ಮುಂತಾದುವು ಬಣ್ಣಕ್ಕೆ ಅಂಟಿಬಂದಿರುವುದು ಪರೀಕ್ಷೆಯಿಂದ ತಿಳಿದಿರುವ ಬಗೆಗಳನ್ನು ಪಟ್ಟಿಮಾಡಿ, ಅವುಗಳಿಂದ ಮರಿ ಮಾಡಿಸಕೂಡದೆಂದು ವಿಧಿಸಬೇಕು. ಪಶುವೈದ್ಯ ಕಾಲೇಜುಗಳು ಈ ವಿಷಯವನ್ನು ಪಾಠದಲ್ಲಿ ಸೇರಿಸಿಕೊಳ್ಳಬೇಕು. ಈಗಾಗಲೇ ಮನೆಗಳಲ್ಲಿರುವ ಹಾವುಗಳನ್ನು ಕೊಲ್ಲಬೇಕಾದುದಿಲ್ಲ. ಕಾಡಿಗೆ ಬಿಡಲಂತೂ ಕೂಡದು, ಅದು ಹಾವಿಗೂ ಕೇಡು, ಕಾಡಿಗೂ ಕೇಡು. ಶಾಂತವಾದ ಪೆಟ್ಟಿಗೆಯಲ್ಲಿ, ಹೆಚ್ಚು ಮುಟ್ಟದೆ, ಎಟುಕುವಂತೆ ಆಹಾರವಿಟ್ಟು ಅವುಗಳ ಆಯುಸ್ಸನ್ನು ಮುಗಿಸಲು ಬಿಡುವುದೇ ಧರ್ಮ. ಆ ವಂಶ ಅಲ್ಲಿಗೆ ನಿಂತರೆ ಸಾಕು.

ಆದರೆ ನಿಯಮಗಳಿಗಿಂತ ಮುಂಚಿನ ವಿಷಯವೊಂದಿದೆ. ಅದು ಕೊಳ್ಳುವವನ ಕಣ್ಣು. ತಳಿಗಾರನು ಹಾವನ್ನು ರೂಪಿಸಿದನೆಂದು ನಾವು ದೂರುತ್ತೇವೆ. ತಳಿಗಾರನನ್ನು ರೂಪಿಸಿದವನು ಗಿರಾಕಿ. ಕಾಡಿನಲ್ಲಿ ಹಾವಿನ ಬಣ್ಣವನ್ನು ಆರಿಸುತ್ತಿದ್ದವು ಹದ್ದಿನ ಕಣ್ಣು, ಮುಂಗುಸಿಯ ಕಣ್ಣು. ಅವಕ್ಕೆ ಕಾಣದೆ ಉಳಿದ ಹಾವು ಬದುಕುತ್ತಿತ್ತು. ಈಗ ಆರಿಸುವುದು ಮನುಷ್ಯನ ಕಣ್ಣು; ಅದಕ್ಕೆ ಎದ್ದು ಕಂಡ ಹಾವು ಬದುಕುತ್ತದೆ, ತಲೆ ನೆಟ್ಟಗೆ ನಿಲ್ಲದಿದ್ದರೂ. ಹದ್ದಿಗೆ ವಿವೇಕವಿಲ್ಲ, ಅದರಿಂದ ಯಾರೂ ವಿವೇಕವನ್ನು ಬಯಸುವುದಿಲ್ಲ. ನಮ್ಮಿಂದ ಬಯಸಬಹುದು. ಅಂದವಾದ ಹಾವೊಂದನ್ನು ಕೊಳ್ಳಹ್ರೊರಟವನು ಬಣ್ಣವನ್ನು ನೋಡಿದ ಮೇಲೆ, ಹಣವನ್ನು ಎಣಿಸುವ ಮೊದಲು, ಅದು ನೇರವಾಗಿ ಹರಿಯಬಲ್ಲುದೆ ಎಂದು ಒಂದು ಮಾತು ಕೇಳಲಿ. ಈ ಒಂದು ಪ್ರಶ್ನೆ ಸಾಕಷ್ಟು ಜನರ ಬಾಯಿಂದ ಬಂದರೆ, ಶಾಸನ ಬರುವ ಮೊದಲೇ ಎಷ್ಟೋ ಮೊಟ್ಟೆಗಳಲ್ಲಿ ನೆಟ್ಟನೆಯ ತಲೆಗಳು ಹುಟ್ಟುತ್ತವೆ.